ಕಾಫಿ ಬಟನ್ನಿನ ಚೌಕಟ್ಟು

ನಾನು ಕಂಪ್ಯೂಟರಿನಲ್ಲಿ ಬರೆದ ಮೊದಲ ಕಾಫಿ ಲೋಟ, ಟ್ಯಾಬ್ಲೆಟ್ಟಿನ ಪರದೆಗೆ ಹೋದದ್ದೇ ಬಾಣಲೆಯಾಗಿ ಬಿಟ್ಟಿತು.

"ಕಮಲಮ್ಮ, ಇದರಲ್ಲಿ ಕಾಫಿ ಕುಡಿಯೋಕಾಗಲ್ಲ. ಹಪ್ಪಳ ಕರೀಬಹುದು," ಎಂದಳು ಶ್ರೀವಾಣಿ.

ನಗು ಬಂತು, ಆದರೆ ನಗುವಷ್ಟು ಉಸಿರು ಇರಲಿಲ್ಲ. ಬೆಳಿಗ್ಗೆ ಎದ್ದಾಗಿನಿಂದ ನಮ್ಮನೆಯವರನ್ನು ಎಬ್ಬಿಸಿ, ಕೂರಿಸಿ, ಮೈ ಒರೆಸಿ, ಗಂಜಿ ತಿನ್ನಿಸಿ ಕೆಳಗಿಳಿದು ಬಂದಿದ್ದೆ. ಪರದೆಯ ಮೇಲಿನ ಲೋಟದ ಬಾಯಿ ಎರಡು ಕಡೆಗೂ ಜಗ್ಗಿಕೊಂಡಿತ್ತು. ಸುತ್ತ ನಾನು ಅಷ್ಟು ಆಸ್ಥೆಯಿಂದ ಬರೆದಿದ್ದ ಎಲೆಯ ಅಂಚು, ಯಾರೋ ಮೇಲೆ ಕೂತೆದ್ದ ಹಾಗೆ ಚಪ್ಪಟೆಯಾಗಿತ್ತು.

ಶ್ರೀವಾಣಿಯ ಅಂಗಡಿ ಕೊಪ್ಪದ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿದೆ. ಜೆರಾಕ್ಸ್, ಲ್ಯಾಮಿನೇಶನ್, ಮದುವೆ ಕರೆಯೋಲೆ, ಫ್ಲೆಕ್ಸ್ ಬೋರ್ಡಿನ ಡಿಸೈನು ಎಲ್ಲ ಅವಳೊಬ್ಬಳೇ ಮಾಡುತ್ತಾಳೆ. ಅದರ ಮೇಲಿನ ಮಹಡಿಯಲ್ಲಿ ನಾವು ಬಾಡಿಗೆಗೆ ಇದ್ದೇವೆ. ಅಂಗಡಿ ಹಾಕುವ ಮೊದಲು ಅವಳು ಶಿವಮೊಗ್ಗದಲ್ಲಿ ಮೊಬೈಲ್ ಆಪ್ ಮಾಡುವವರ ಆಫೀಸಿನಲ್ಲಿ ಚಿತ್ರ ಬರೆಯುವ ಕೆಲಸದಲ್ಲಿದ್ದಳು. ಹಾಗಾಗಿಯೇ ನನ್ನ ಬಾಣಲೆ ನೋಡಿ ಅವಳಿಗೆ ಆಶ್ಚರ್ಯವಾಗಲಿಲ್ಲ.

ನಮ್ಮನೆಯವರು ವಿಘ್ನೇಶ್ವರ ಭಟ್ಟರು. ವಿಮೆ ಏಜೆಂಟರಾಗಿ ಮೇಗುಂದ, ನಾರ್ವೆ, ಮುತ್ತಿನಕೊಪ್ಪ ಎಂದು ಹತ್ತಿರದ ಹಳ್ಳಿಗಳನ್ನೆಲ್ಲ ಸ್ಕೂಟರಿನಲ್ಲಿ ಸುತ್ತಿದವರು. ಅವರು ಹೋಗದ ಮನೆಯಿಲ್ಲ, ಕುಡಿಯದ ಕಾಫಿಯಿಲ್ಲ. ಆ ಮನೆಗಳ ಜನ ಪೇಟೆಗೆ ಬಂದರೆ ಬಸ್ಸಿಗೆ ಕಾಯುವುದು ನಮ್ಮ ಮನೆಯಲ್ಲಿ. ಚೀಲ ಇಟ್ಟು ಹೋಗುವವರು, ಕಾಲು ಚಾಚಿ ಕೂರುವವರು, ಮಗುವನ್ನು ಮಲಗಿಸಿ ಔಷಧಿ ಅಂಗಡಿಗೆ ಹೋಗುವವರು. ಹೋದ ದೀಪಾವಳಿ ಕಳೆದ ಮೇಲೆ ನಮ್ಮನೆಯವರಿಗೆ ಸ್ಟ್ರೋಕ್ ಆಯಿತು. ಬಲಗೈ ಬಲಗಾಲು ಬಿದ್ದುಹೋದವು. ಮಾತು ಪೂರ್ತಿ ನಿಂತಿತು. 'ಲೆ ಲೆ' ಎಂಬ ಸದ್ದೊಂದು ಮಾತ್ರ ಉಳಿಯಿತು. ಸಂತೋಷಕ್ಕೂ ಅದೇ, ಸಂಕಟಕ್ಕೂ ಅದೇ.

ಜನ ಆಮೇಲೂ ಬಂದರು. ಕುರ್ಚಿಯ ತುದಿಯಲ್ಲಿ ಕೂತು, ಅವರ ಎದುರೇ, "ರಾತ್ರಿ ನಿದ್ದೆ ಮಾಡ್ತಾರಾ?" "ಗುರುತು ಸಿಗ್ತದಾ?" ಎಂದು ನನ್ನನ್ನು ಕೇಳಿದರು. ಕೆಟ್ಟವರಲ್ಲ ಯಾರೂ. ಯಾರ ಮುಖ ನೋಡಿ ಮಾತಾಡಬೇಕೆಂದು ಗೊತ್ತಾಗದೆ ನನ್ನ ಮುಖ ನೋಡಿದರು, ಅಷ್ಟೆ.

ಹೀಗಿರುವಾಗ ಯಜ್ಞೇಶ ಸಿಕ್ಕಿದ. ನರಸಿಂಹರಾಜಪುರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾನೆ, ನಮಗೆ ದೂರದ ಸಂಬಂಧ. ಮಾತು ಹೋದವರಿಗಾಗಿ ಅವನೊಂದು ಆಪ್ ಮಾಡುತ್ತಿದ್ದ. ಟ್ಯಾಬ್ಲೆಟ್ಟಿನ ಮೇಲೆ ಚಿತ್ರವಿರುವ ಬಟನ್ನುಗಳು. ಒತ್ತಿದರೆ ಅದು ಅವರ ಪರವಾಗಿ ಮಾತಾಡುತ್ತದೆ. ಯಾವ ಬಟನ್ ಇರಬೇಕೆಂದು ಹೇಳಿಕೊಡಲು ಶಿವಮೊಗ್ಗದ ಒಬ್ಬ ಮಾತಿನ ಚಿಕಿತ್ಸಕಿ ಇದ್ದರು. ಪರೀಕ್ಷೆಗೆಂದು ಇದ್ದ ಕೆಲವೇ ಟ್ಯಾಬ್ಲೆಟ್ಟುಗಳಲ್ಲಿ ಒಂದನ್ನು ಅವನು ನಮಗೆ ಕೊಟ್ಟ. ಆದರೆ ಅದರಲ್ಲಿದ್ದ ಚಿತ್ರಗಳೆಲ್ಲ ಇಂಟರ್‌ನೆಟ್ಟಿನವು. ತಿಂಡಿ ಅಂದರೆ ಬ್ರೆಡ್ಡು, ಕಾಫಿ ಅಂದರೆ ಹಿಡಿಕೆಯ ದಪ್ಪ ಕಪ್ಪು. ನಮ್ಮನೆಯವರು ನೋಡಿ ಮುಖ ತಿರುಗಿಸಿದರು.

"ಚಿತ್ರ ನಾನು ಬರೆದು ಕೊಡಲಾ?" ಎಂದೆ. ಬಿ.ಎಸ್ಸಿ. ಓದುವಾಗ ಸಸ್ಯಶಾಸ್ತ್ರದ ರೆಕಾರ್ಡಿನಲ್ಲಿ ಎಲೆ, ಹೂವು ಬರೆದ ಧೈರ್ಯ ಅದು.

"ಬರೀರಿ ಅಮ್ಮ. ಆದ್ರೆ ಹಿಗ್ಗೋ ಹಾಗೆ ಬರೀಬೇಕು," ಎಂದ ಯಜ್ಞೇಶ. ಆಗ ಅದು ಅರ್ಥವಾಗಲಿಲ್ಲ. ಬಾಣಲೆ ನೋಡಿದ ಮೇಲೆ ಅರ್ಥವಾಯಿತು. ನಮ್ಮನೆಯವರ ಕಣ್ಣಿಗೆ ಅಕ್ಷರ ದಪ್ಪ ಬೇಕು. ಅಕ್ಷರ ದಪ್ಪವಾದರೆ ಬಟನ್ನೂ ದೊಡ್ಡದಾಗಬೇಕು. ಇನ್ನೊಬ್ಬರ ಮನೆಯಲ್ಲಿ ಅದೇ ಬಟನ್ ಸಣ್ಣ ಫೋನಿನಲ್ಲಿ ಕೂರಬೇಕು. ಒಂದೇ ಚಿತ್ರ ಎಲ್ಲ ಅಳತೆಗೂ ಒದಗಬೇಕು, ಎಲ್ಲೂ ವಿಕಾರವಾಗಬಾರದು.

ಶ್ರೀವಾಣಿ ಕೌಂಟರಿನ ಹಿಂದೆ ತನ್ನ ಹಳೆಯ ಕಂಪ್ಯೂಟರನ್ನು ನನಗೆ ಬಿಟ್ಟುಕೊಟ್ಟಿದ್ದಳು. ಅದರಲ್ಲಿ ಗಿಂಪ್ ಎಂಬ, ದುಡ್ಡು ಕೊಡದೆ ಸಿಗುವ ಚಿತ್ರ ತಿದ್ದುವ ತಂತ್ರಾಂಶ ಇತ್ತು.

"ಜಮಖಾನ ನೆನಪು ಮಾಡ್ಕೊಳ್ಳಿ ಅಮ್ಮ," ಎಂದಳು. "ನಾಲ್ಕು ಮೂಲೆ ಹೂವು ಹಾಗೇ ಇರ್ಬೇಕು. ಮಧ್ಯದ ಖಾಲಿ ಬಟ್ಟೆ ಎಷ್ಟು ಬೇಕಾದ್ರೂ ಉದ್ದ ಆಗ್ಲಿ. ಯಾವುದು ಖಾಲಿ ಬಟ್ಟೆ ಅಂತ ಈ ಯಂತ್ರಕ್ಕೆ ನಾವೇ ಹೇಳ್ಬೇಕು."

ಹೇಳುವ ಕ್ರಮ ಹೀಗೆ. ಚಿತ್ರದ ಸುತ್ತ ಒಂದೇ ಒಂದು ಚುಕ್ಕಿಯಷ್ಟು ಅಗಲದ ಖಾಲಿ ಅಂಚು ಬಿಡಬೇಕು. ಮೇಲಿನ ಅಂಚಿನಲ್ಲಿ ಎಷ್ಟು ದೂರ ಕಪ್ಪು ಗೆರೆ ಎಳೆಯುತ್ತೇವೋ ಅಷ್ಟು ಭಾಗ ಮಾತ್ರ ಅಡ್ಡಕ್ಕೆ ಹಿಗ್ಗುತ್ತದೆ. ಎಡಗಡೆಯ ಗೆರೆ ಇದ್ದಷ್ಟು ಭಾಗ ಉದ್ದಕ್ಕೆ ಹಿಗ್ಗುತ್ತದೆ. ಬಲಗಡೆ ಮತ್ತು ಕೆಳಗಡೆಯ ಗೆರೆಗಳು ಅಕ್ಷರ ಎಲ್ಲಿ ಕೂರಬೇಕೆಂದು ಹೇಳುತ್ತವೆ. ಆಪ್‌ನಲ್ಲಿ ಬರುವಾಗ ಈ ಗೆರೆಗಳು ಯಾರಿಗೂ ಕಾಣುವುದಿಲ್ಲ. ಕೆಲಸ ಹೇಳಿ ಹೊರಟುಹೋಗುತ್ತವೆ.

ಕೇಳಿದಾಗ ಸುಲಭ ಅನ್ನಿಸಿತು. ನಾನು ಕುಂಚದ ಗುರುತು ಒತ್ತಿ ಗೆರೆ ಎಳೆದೆ. ಆಪ್ ಅದನ್ನು ಒಪ್ಪಲಿಲ್ಲ. ಇನ್ನೊಮ್ಮೆ ಎಳೆದೆ. ಆಗಲೂ ಒಪ್ಪಲಿಲ್ಲ. ಶ್ರೀವಾಣಿ ಬಂದು ಚಿತ್ರವನ್ನು ದೊಡ್ಡದು ಮಾಡಿ ತೋರಿಸಿದಳು. ಕುಂಚದ ಗೆರೆಯ ಎರಡೂ ಬದಿಗೆ ಬೂದು ಬಣ್ಣ ಹರಡಿಕೊಂಡಿತ್ತು.

"ಕಪ್ಪು ಅಂದ್ರೆ ಕಪ್ಪೇ ಆಗ್ಬೇಕು ಇದಕ್ಕೆ. ಸ್ವಲ್ಪ ಕಪ್ಪು ಅಂದ್ರೆ ತಿಳಿಯಲ್ಲ. ಕುಂಚ ಬಿಡಿ, ಪೆನ್ಸಿಲ್ ತಗೊಳ್ಳಿ."

ಪೆನ್ಸಿಲ್ ತೆಗೆದುಕೊಂಡೆ. ನಡುವೆ ನಮ್ಮನೆಯವರ ಮಗ್ಗುಲು ಬದಲಿಸುವ ಹೊತ್ತಾದರೆ ಎದ್ದು ಹೋಗಬೇಕು. ಮೆಟ್ಟಿಲು ಹತ್ತಿ, ಅವರನ್ನು ಹೊರಳಿಸಿ, ಮತ್ತೆ ಇಳಿದು ಬರುವಷ್ಟರಲ್ಲಿ ಎಲ್ಲಿ ನಿಲ್ಲಿಸಿದ್ದೆ ಎಂಬುದೇ ಮರೆತಿರುತ್ತಿತ್ತು. ಒಂದು ದಿನ ಹಾಗೆ ಹೋಗಿ ಬರುವಾಗ ಕರೆಂಟ್ ಹೋಗಿ ಬಂದಿತ್ತು. ನನ್ನ ಕೆಲಸವೆಲ್ಲ ಹೋಯಿತೆಂದೇ ಕೂತೆ. ನೋಡಿದರೆ ಎಲ್ಲ ಇತ್ತು. ನಾನು ಎದ್ದ ಪ್ರತಿ ಸಲವೂ ಶ್ರೀವಾಣಿ ಬಂದು ಸೇವ್ ಮಾಡಿ ಹೋಗುತ್ತಿದ್ದಳು. ಹೇಳಿರಲಿಲ್ಲ. ಪರದೆಯ ಮೇಲಿನ ಮೌಸಿನ ಬಾಣ ಯಾವಾಗ ಅಷ್ಟು ದೊಡ್ಡದಾಯಿತು, ಕುರ್ಚಿಯ ಮೇಲೆ ಮೆತ್ತೆ ಯಾವಾಗ ಬಂತು ಎಂಬುದೂ ನನಗೆ ಗೊತ್ತಾಗಲಿಲ್ಲ.

ಕೊನೆಗೆ ಲೋಟ ಲೋಟವಾಗಿ ನಿಂತಿತು. ಅದನ್ನು ಚೌಕಟ್ಟಿನ ಎಡ ತುದಿಗೆ, ಕಪ್ಪು ಗೆರೆಯಿಂದ ಹೊರಗೆ ಇಟ್ಟೆ. ಎಷ್ಟು ಎಳೆದರೂ ಅದರ ಆಕಾರ ಕೆಡಲಿಲ್ಲ. ಅದೇ ರೀತಿ ನೀರಿನ ತಂಬಿಗೆ, ಚಾಪೆ, ಫ್ಯಾನು, ಮಾತ್ರೆ ಎಲ್ಲ ಬರೆದೆ. ಚಿಕಿತ್ಸಕಿ ಹೇಳಿದ ಮಾತುಗಳನ್ನು ಯಜ್ಞೇಶ ಸೇರಿಸಿದ. ನನಗೆ ನೀರು ಬೇಕು. ನನಗೆ ಕಾಫಿ ಬೇಕು. ನನಗೆ ಮಲಗಬೇಕು. ನನಗೆ ನೋವಾಗುತ್ತಿದೆ. ಒತ್ತಿದರೆ ಯಂತ್ರದ ಹೆಣ್ಣು ಧ್ವನಿಯೊಂದು ಹೇಳುತ್ತಿತ್ತು.

ನಮ್ಮನೆಯವರು ಟ್ಯಾಬ್ಲೆಟ್ಟನ್ನು ಬಹಳ ಹೊತ್ತು ನೋಡಿದರು. ಲೋಟದ ಮೇಲೆ ಎಡಗೈ ಬೆರಳಿಟ್ಟು ನನ್ನ ಕಡೆ ನೋಡಿದರು. ಗುರುತು ಹಿಡಿದರು ಎಂದುಕೊಂಡೆ. ಆದರೆ ಒತ್ತಲಿಲ್ಲ. ಅವರು ಜೀವಮಾನದಲ್ಲಿ ತಮಗಾಗಿ ಏನನ್ನೂ ಕೇಳಿದವರಲ್ಲ. ನೀರಡಿಕೆಯಾದರೂ ಸುಮ್ಮನಿರುತ್ತಿದ್ದರು, ನಾನೇ ನೋಡಿ ಕುಡಿಸುತ್ತಿದ್ದೆ.

ಒಂದು ಮಧ್ಯಾಹ್ನ ನಾರ್ವೆಯ ಪರಮೇಶ್ವರಪ್ಪ ಬಂದರು. ಅಡಿಕೆ ತೋಟದವರು, ನಮ್ಮನೆಯವರ ಹಳೆಯ ಗೆಳೆಯ.

"ಎಂತ ಭಟ್ರೆ, ಮಾತಾಡೋ ಮಿಷನ್ ಬಂದದಂತೆ. ಇನ್ನು ನಮಗೆಲ್ಲ ಪಾಲಿಸಿ ಕಟ್ಟಿಸದೆ ಬಿಡಲ್ಲ ನೀವು," ಎಂದು ಕುಳಿತರು. ಒಂದು ಕ್ಷಣ ಅವರ ಮುಖ ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು. "ಊಟ ಸೇರ್ತದಾ ಇವ್ರಿಗೆ?"

"ಸೇರುತ್ತೆ. ಕಾಫಿ ಮಾಡ್ತೀನಿ ಇರಿ."

"ಬೇಡ ಅಮ್ಮ, ಬೇಡ. ನಿಮಗೆ ಇರೋ ಕೆಲಸವೇ ಸಾಕು. ಕೂತ್ಕಳಿ."

ಈಗೀಗ ಎಲ್ಲರೂ ಹಾಗೇ ಅನ್ನುತ್ತಿದ್ದರು. ನನ್ನ ಮೇಲಿನ ಕನಿಕರದಿಂದಲೇ ಅನ್ನುತ್ತಿದ್ದರು. ಮೊದಲಾದರೆ ನಾನು ಕೇಳುತ್ತಿರಲಿಲ್ಲ. ಈಗ ಕಾಲು ನೋವಿಗೆ ಸೋತು, ಸರಿ ಎಂದು ಕೂತುಬಿಡುತ್ತಿದ್ದೆ.

ಆಗ ಟ್ಯಾಬ್ಲೆಟ್ ಹೇಳಿತು: "ನನಗೆ ಕಾಫಿ ಬೇಕು."

ಅವರು ಒತ್ತಿದ್ದರು. ನನ್ನ ಲೋಟವನ್ನು, ನನ್ನ ಚೌಕಟ್ಟನ್ನು, ತಾವಾಗಿಯೇ. ಕಾಲು ನೋವು ಮರೆತು ಅಡುಗೆಮನೆಗೆ ಹೋದೆ. ಒಂದು ಲೋಟ ಮಾಡಿ, ಆರಿಸಿ, ತಂದು ಅವರ ಮುಂದಿನ ಸ್ಟೂಲಿನ ಮೇಲಿಟ್ಟೆ. ಅವರು ಮೈಯನ್ನೇ ಮುಂದಕ್ಕೆ ಎಸೆದ ಹಾಗೆ ಮಾಡಿದರು. ಲೋಟ ಉರುಳಿತು. ಕಾಫಿ ಪರಮೇಶ್ವರಪ್ಪನವರ ಪಂಚೆಯ ಮೇಲೆ ಹರಿಯಿತು. ನಮ್ಮನೆಯವರು 'ಲೆ ಲೆ ಲೆ' ಎಂದು ಕೂಗಿದರು. ಮುಖ ಕೆಂಪಾಗಿತ್ತು.

"ಇರ್ಲಿ ಬಿಡಿ, ಪಂಚೆ ಒಗೆಯೋಕೇ ಇರೋದು," ಎಂದು ಪರಮೇಶ್ವರಪ್ಪ ಎದ್ದರು. "ಸಿಟ್ಟು ಮಾಡ್ಕಬೇಡಿ ಮಾರಾಯ್ರೆ. ಬಸ್ಸಿಗೆ ಹೊತ್ತಾತು. ಬರ್ತೆ."

ಬಸ್ಸಿಗೆ ಇನ್ನೂ ಸಾಕಷ್ಟು ಹೊತ್ತಿತ್ತು.

ಆಮೇಲೆ ಇದೇ ನಡೆಯತೊಡಗಿತು. ವಿಜಯ್ ಎಂಬ ಹುಡುಗ ಸೆಲೂನಿನಿಂದ ಮನೆಗೇ ಬಂದು ಅವರ ಗಡ್ಡ ತೆಗೆಯುತ್ತಾನೆ. ಅವನು ಬಂದಾಗಲೂ ಕಾಫಿ ಬಟನ್ ಒತ್ತಿದರು, ತಂದಿಟ್ಟ ಲೋಟವನ್ನು ಉರುಳಿಸಿದರು. ವಿಜಯ್ ತನ್ನ ಟವೆಲಿನಿಂದಲೇ ನೆಲ ಒರೆಸಿ, "ನಮ್ಮಜ್ಜನೂ ಹೀಗೇ ಮಾಡ್ತಿದ್ರು, ಬೇಜಾರು ಮಾಡ್ಕೋಬೇಡಿ," ಎಂದು ಹೇಳಿ ಹೋದ. ಯಾರೂ ಇಲ್ಲದಾಗ ಅವರು ಟ್ಯಾಬ್ಲೆಟ್ಟನ್ನು ಮುಟ್ಟುತ್ತಲೂ ಇರಲಿಲ್ಲ. ಯಾರಾದರೂ ಬಂದರೆ ಕಾಫಿ ಬೇಕು ಎನ್ನುವುದು, ಕೊಟ್ಟರೆ ತಳ್ಳುವುದು. ಬರುವವರು ಇನ್ನೂ ಕಡಿಮೆಯಾದರು.

ಚಿಕಿತ್ಸಕಿ ಫೋನಿನಲ್ಲಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. "ಬೇಕು ಅಂತ ಒತ್ತಿ, ಕೊಟ್ಟಾಗ ತಳ್ತಾರೆ ಅಂದ್ರೆ ಚಿತ್ರಕ್ಕೂ ವಸ್ತುವಿಗೂ ಇರೋ ಸಂಬಂಧ ಅವರಿಗೆ ಸಿಗ್ತಾ ಇಲ್ಲಮ್ಮ. ನೀವು ತುಂಬ ಕಷ್ಟಪಟ್ಟಿದ್ದೀರಿ. ಆದ್ರೆ ಇನ್ನೊಬ್ಬರು ಟ್ಯಾಬ್ಲೆಟ್ಟಿಗೆ ಕಾಯ್ತಾ ಇದ್ದಾರೆ," ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ.

ಶೃಂಗೇರಿಯಲ್ಲಿ ಶಾಲಾ ಶಿಕ್ಷಕಿಯಾಗಿರುವ ಮಗಳು ಅರ್ಪಣಾ ಪ್ರತಿ ಭಾನುವಾರ ಬರುತ್ತಾಳೆ. ಬಂದವಳೇ ಬಟ್ಟೆ ಒಗೆದು, ವಾರಕ್ಕಾಗುವಷ್ಟು ಸಾರಿನ ಪುಡಿ ಮಾಡಿಟ್ಟು, ಸಂಜೆ ಬಸ್ಸಿಗೆ ಹೋಗುತ್ತಾಳೆ. ಆ ಭಾನುವಾರ ಅವಳು ನನ್ನ ಕಾಲಿಗೆ ಎಣ್ಣೆ ತಿಕ್ಕುತ್ತಾ ಹೇಳಿದಳು.

"ಅಮ್ಮ, ಅಪ್ಪನಿಗೆ ಗೊತ್ತಾಗ್ತಿಲ್ಲ. ಅದನ್ನ ನಾವು ಒಪ್ಪಿಕೊಳ್ಳೋದೇ ಒಳ್ಳೇದು. ನೀನು ದಿನಾ ಆ ಮೆಟ್ಟಿಲು ಹತ್ತಿ ಇಳಿದು, ಗೆರೆ ಎಳೀತಾ ಕೂತು, ನಿನ್ನನ್ನೂ ಹಾಸಿಗೆ ಹಿಡಿಸ್ಕೋಬೇಡ."

"ಗೊತ್ತಾಗುತ್ತೆ ಅನ್ಸುತ್ತೆ ಕಣೇ ನನಗೆ."

"ನಿನಗೆ ಹಾಗೆ ಬೇಕು, ಅದಕ್ಕೆ ಅನ್ಸುತ್ತೆ."

ಅವಳು ಹೇಳಿದ್ದು ನಿಜವೂ ಇರಬಹುದು. ಅವರು ಅಲ್ಲೇ ಕುರ್ಚಿಯಲ್ಲಿದ್ದರು. ನಮ್ಮಿಬ್ಬರಿಗೂ ಆ ಹೊತ್ತಿಗೆ ಅದು ಹೊಳೆಯಲೇ ಇಲ್ಲ. ನಾನು ಯಜ್ಞೇಶನಿಗೆ ಫೋನ್ ಮಾಡಿ, ಬಂದಾಗ ಟ್ಯಾಬ್ಲೆಟ್ ತೆಗೆದುಕೊಂಡು ಹೋಗು ಎಂದೆ. ಹೇಳಿದ ಮೇಲೆ ಏನೋ ಇಳಿಸಿದ ಹಾಗಾಯಿತು. ದುಃಖಕ್ಕಿಂತ ಹೆಚ್ಚಾಗಿ, ನಾಳೆ ಕೆಳಗೆ ಹೋಗಬೇಕಿಲ್ಲ ಎಂಬ ಸುಸ್ತಿನ ಸಮಾಧಾನ.

ಯಜ್ಞೇಶ ಶನಿವಾರ ಕಾಲೇಜು ಮುಗಿಸಿ ಬಂದ. ಅವನ ಸ್ವಭಾವ ಹಾಗೆ, ಬಂದ ಕೂಡಲೇ ಕೆಲಸದ ಮಾತೆತ್ತುವುದಿಲ್ಲ. ನನ್ನ ಚೌಕಟ್ಟುಗಳು ಬೇರೆ ಮನೆಗಳಲ್ಲಿ ಎಷ್ಟು ಚೆನ್ನಾಗಿ ಕೂತಿವೆ, ಬೀರೂರಿನ ಒಬ್ಬ ಅಜ್ಜಿ ತಂಬಿಗೆಯ ಬಟನ್ ಒತ್ತಿ ಹೇಗೆ ನೀರು ಕೇಳುತ್ತಾರೆ ಎಂದೆಲ್ಲ ಮೊದಲು ಹೇಳಿದ. ಆಮೇಲೆ ಚಾರ್ಜರ್ ವೈರನ್ನು ನಿಧಾನವಾಗಿ ಸುತ್ತತೊಡಗಿದ.

"ಕಾಫಿ ಕುಡಿದು ಹೋಗು," ಎಂದೆ.

"ಬೇಡ ಅಮ್ಮ. ಬಸ್ ಸ್ಟ್ಯಾಂಡಲ್ಲೇ ಕುಡಿದು ಬಂದೆ. ನೀವು ಕೂತ್ಕೊಳ್ಳಿ."

"ನನಗೆ ಕಾಫಿ ಬೇಕು," ಎಂದಿತು ಟ್ಯಾಬ್ಲೆಟ್. ಸ್ವಲ್ಪ ತಡೆದು ಮತ್ತೆ, "ನನಗೆ ಕಾಫಿ ಬೇಕು. ನನಗೆ ಕಾಫಿ ಬೇಕು."

ಯಜ್ಞೇಶ ವೈರು ಸುತ್ತುವುದನ್ನು ನಿಲ್ಲಿಸಿದ. ನಾನು ಎದ್ದು ಹೋದೆ. ಈ ಸಲ ಚೆಲ್ಲಿದರೂ ನೆಲಕ್ಕೆ ಹರಿಯದಿರಲಿ ಎಂದು ಲೋಟವನ್ನು ಅಗಲದ ಸ್ಟೀಲ್ ತಟ್ಟೆಯೊಂದರಲ್ಲಿಟ್ಟು ತಂದೆ.

ಅವರು ತಟ್ಟೆಯನ್ನು ನೋಡಿದರು. ಎಡಗೈಗೆ ಅದು ಸುಲಭವಾಗಿ ಎಟುಕುತ್ತಿತ್ತು. ಆ ಕೈಯಲ್ಲೇ ಅವರು ಈಗ ಚಮಚ ಹಿಡಿದು ತಿನ್ನುತ್ತಾರೆ. ಆದರೆ ಆ ಕೈಯನ್ನು ಅವರು ಲೋಟದ ಕಡೆ ಚಾಚಲಿಲ್ಲ. ಅದರಿಂದ ತಮ್ಮ ಮಡಿಲಲ್ಲಿ ಬಿದ್ದಿದ್ದ ಬಲಗೈಯನ್ನು ಮಣಿಕಟ್ಟಿನಲ್ಲಿ ಹಿಡಿದು ಎತ್ತಿದರು. ಜೀವವಿಲ್ಲದ ಬೆರಳುಗಳನ್ನು ತಟ್ಟೆಯ ಅಂಚಿಗೆ ತಾಗಿಸಿ ಇಟ್ಟರು. ಮೈಯನ್ನು ಮುಂದಕ್ಕೆ ವಾಲಿಸಿ, ಭುಜದಿಂದ ನೂಕಿದರು. ಇಷ್ಟು ದಿನ ಬರಿಯ ಲೋಟ ಉರುಳುತ್ತಿತ್ತು. ತಟ್ಟೆ ಉರುಳಲಿಲ್ಲ. ಸ್ಟೂಲಿನ ಮೇಲೆ ಜಾರಿ ಯಜ್ಞೇಶನ ಕಡೆಗೆ ಹೋಗಿ ನಿಂತಿತು. ಅವರು ಎಡಗೈಯನ್ನು ಹಿಂದಕ್ಕೆ ಎಳೆದು ಬೆನ್ನಿನ ಮರೆಗೆ ಇಟ್ಟುಕೊಂಡರು.

ಎಡಗೈಯಲ್ಲಿ ಯಾರಿಗೂ ಏನನ್ನೂ ಕೊಡುವ ಕ್ರಮ ನಮ್ಮಲ್ಲಿಲ್ಲ. ಅಪ್ಪಿತಪ್ಪಿ ಒಂದು ಅಡಿಕೆ ಹೋಳು ಎಡಗೈಯಲ್ಲಿ ಕೊಟ್ಟರೂ ವಾಪಸು ತೆಗೆದುಕೊಂಡು ಬಲಗೈಗೆ ಬದಲಿಸಿ ಕೊಡುತ್ತೇವೆ. ಮನೆಗೆ ಬಂದವರಿಗಂತೂ ಹೇಳಲೇಬೇಕಿಲ್ಲ.

"ಬೇಡ ಅಂತಿದಾರಾ?" ಎಂದು ಯಜ್ಞೇಶ ಮೆಲ್ಲಗೆ ನನ್ನನ್ನು ಕೇಳಿದ.

"ಅಲ್ಲ ಮಾಣಿ. ನಿನಗೆ ಕೊಡ್ತಿದ್ದಾರೆ. ತಗೋ."

ಅವನು ಕೈಯಲ್ಲಿದ್ದ ವೈರನ್ನು ಕೆಳಗಿಟ್ಟ. ಆಮೇಲೆ ಎರಡೂ ಕೈಯಲ್ಲಿ ಲೋಟ ತೆಗೆದುಕೊಂಡು, ಬಿಸಿ ಬಿಸಿಯಾಗಿಯೇ ಕುಡಿದ. ಪೂರ್ತಿ ಕುಡಿಯುವವರೆಗೆ ಅವರು ಅವನನ್ನೇ ನೋಡಿದರು. ಕೂಗಲಿಲ್ಲ, ಮುಖ ಕೆಂಪಾಗಲಿಲ್ಲ. ಲೋಟ ಕೆಳಗಿಟ್ಟ ಮೇಲೆ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ದೊಡ್ಡ ಕೆಲಸವೊಂದನ್ನು ಮುಗಿಸಿದವರ ಹಾಗೆ.

"ಬಂದವರಿಗೆಲ್ಲ ಕೊಡೋಕೆ ನೋಡಿದ್ದಾರೆ," ಎಂದೆ. "ಪರಮೇಶ್ವರಪ್ಪನಿಗೆ, ವಿಜಯ್‌ಗೆ. ನಾವು ಅವರಿಗೆ ಬರೆದುಕೊಟ್ಟಿದ್ದೆಲ್ಲ ನನಗೆ ಬೇಕು ಅನ್ನೋ ಮಾತು. ಇರೋದರಲ್ಲಿ ಹತ್ತಿರದ್ದು ಯಾವುದೋ ಅದನ್ನೇ ಒತ್ತಿದ್ದಾರೆ."

ಯಜ್ಞೇಶ ಸುತ್ತಿದ್ದ ವೈರನ್ನು ಬಿಚ್ಚಿ ಮತ್ತೆ ಗೋಡೆಗೆ ಸಿಕ್ಕಿಸಿದ. "ಶಿವಮೊಗ್ಗದ ಮೇಡಮ್ಮಿಗೆ ನಾನು ಹೇಳ್ತೀನಿ. ಇನ್ನೊಬ್ಬರಿಗೆ ನನ್ನ ಸ್ವಂತದ್ದು ಕೊಡ್ತೀನಿ. ಇದು ಇಲ್ಲೇ ಇರ್ಲಿ. ಆದ್ರೆ ಅಮ್ಮ, ಈ ಮಾತಿಗೆ ಬೇರೆ ಚೌಕಟ್ಟು ಬೇಕಾಗ್ತದೆ."

ಮತ್ತೆ ಕೆಳಗೆ ಹೋದೆ. ಮೆಟ್ಟಿಲು ಕಡಿಮೆಯಾಗಿರಲಿಲ್ಲ, ಕಾಲು ನೋವೂ ಅಷ್ಟೇ ಇತ್ತು. ವಿಷಯ ಕೇಳಿದ ಶ್ರೀವಾಣಿ, ಕರೆಯೋಲೆ ಅಚ್ಚಿಗೆ ಬಂದವರನ್ನು ಸ್ವಲ್ಪ ಕೂರಿಸಿ, ನನ್ನ ಪಕ್ಕ ಕುರ್ಚಿ ಎಳೆದುಕೊಂಡಳು.

ಬೇಡಿಕೆಯ ಬಟನ್ನುಗಳೆಲ್ಲ ಚಿಕ್ಕ ಮಾತಿನವು. ಬಂದವರನ್ನು ಉಪಚರಿಸುವ ಮಾತು ಚಿಕ್ಕದಾಗಿ ಮುಗಿಯುವುದಿಲ್ಲ. ಅದಕ್ಕೆ ಅಗಲದ ಚೌಕಟ್ಟು ಬೇಕು, ಕೆಳಗೆ ಮಧ್ಯದಲ್ಲಿ, ವ್ಯಂಗ್ಯಚಿತ್ರದ ಮಾತಿನ ಗುಳ್ಳೆಗೆ ಇರುವಂಥ ಒಂದು ಸಣ್ಣ ಮೂತಿ ಬೇಕು, ಇದು ಒಬ್ಬರು ಇನ್ನೊಬ್ಬರಿಗೆ ಆಡುವ ಮಾತು ಎಂದು ತೋರಿಸಲು. ನಾನು ಮೇಲಿನ ಅಂಚಿನುದ್ದಕ್ಕೂ ಕಪ್ಪು ಗೆರೆ ಎಳೆದೆ. ಮಾತು ಉದ್ದವಾದ ಕೂಡಲೇ ಮೂತಿಯೂ ಜಗ್ಗಿ ದೋಣಿಯ ಹಾಗಾಯಿತು.

"ಒಂದೇ ಗೆರೆ ಬೇಡ ಅಮ್ಮ. ಮೂತಿ ಇರೋ ಜಾಗ ಬಿಟ್ಟು, ಈ ಕಡೆ ಒಂದು ತುಂಡು, ಆ ಕಡೆ ಒಂದು ತುಂಡು. ಎರಡೂ ಒಂದೇ ಅಳತೆ. ಆಗ ಎರಡೂ ಬದಿ ಹಿಗ್ಗುತ್ತೆ, ಮೂತಿ ನಡುವೆ ಹಾಗೇ ನಿಲ್ಲುತ್ತೆ."

ಹಾಗೇ ಮಾಡಿದೆ. ಅಕ್ಷರ ಕೂರುವ ಜಾಗವನ್ನು ಕೆಳಗಡೆ ಸ್ವಲ್ಪ ಹೆಚ್ಚು ಬಿಟ್ಟೆ, ಒತ್ತಕ್ಷರಗಳು ಅಂಚಿಗೆ ತಾಗಿ ಕತ್ತರಿಸಿಹೋಗದ ಹಾಗೆ. ಒಂದಲ್ಲ, ಎರಡು ಬಟನ್ ಮಾಡಿದೆ. ಯಜ್ಞೇಶ ಫೋನ್ ಮಾಡಿ ಕೇಳಿದ, "ಎರಡನೇದು ಯಾಕೆ ಅಮ್ಮ? ಎರಡೂ ಕಾಫಿದೇ ಅಲ್ವಾ?"

"ಮೊದಲ ಸಲ ಕೇಳಿದಾಗ ಯಾರು ಹೂಂ ಅಂತಾರೋ? ನೀನು ಅಂದ್ಯಾ?"

ಅವನು ನಕ್ಕ. "ಸರಿ. ಒತ್ತಾಯದ ಬಟನ್. ಹಾಕ್ತೀನಿ."

ಧ್ವನಿ ಮಾತ್ರ ಯಂತ್ರದ್ದು ಬೇಡವೆನಿಸಿತು. ಪೇಟೆಗೆ ಬಂದಿದ್ದ ಪರಮೇಶ್ವರಪ್ಪನವರನ್ನು ಮೇಲಕ್ಕೆ ಕರೆದು ವಿಷಯ ಹೇಳಿದೆ. ಅವರು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಅವತ್ತು ನಾನು ಪಂಚೆ ನೋಡ್ಕಂಡು ಎದ್ದು ಹೋದೆ," ಎಂದರು. ಆಮೇಲೆ ಗಂಟಲು ಸರಿಮಾಡಿಕೊಂಡರು. "ಎಂತ ಹೇಳ್ಬೇಕು ಹೇಳಿ."

"ಇವರು ಹೇಳ್ತಿದ್ದ ಹಾಗೆ."

ಅವರು ಟ್ಯಾಬ್ಲೆಟ್ಟಿನ ಹತ್ತಿರ ಬಾಗಿ, ಪಂಚಾಯಿತಿ ಸಭೆಯಲ್ಲಿ ಮಾತಾಡುವವರಂತೆ ಗಟ್ಟಿಯಾಗಿ ಹೇಳಿದರು. "ಬನ್ನಿ, ಕೂತ್ಕಳಿ. ಕುಡಿಯೋಕೆ ಎಂತ ಕೊಡ್ಲಿ?" ಎರಡನೆಯದಕ್ಕೆ: "ಹಂಗಂದ್ರೆ ಹ್ಯಾಂಗೆ ಮಾರಾಯ್ರೆ, ಅರ್ಧ ಲೋಟ ಆದ್ರೂ ಕುಡೀಲೇಬೇಕು."

ನಮ್ಮನೆಯವರ ಕೈಗೆ ಟ್ಯಾಬ್ಲೆಟ್ ಕೊಟ್ಟೆ. ಹೊಸ ಚೌಕಟ್ಟನ್ನು ನೋಡಿದರು. ದಪ್ಪ ಅಕ್ಷರ, ಎರಡೂ ಬದಿಗೆ ಸಮನಾಗಿ ಹಿಗ್ಗಿದ ಅಂಚು, ಮಧ್ಯದಲ್ಲಿ ಕೆಡದ ಮೂತಿ. ಒತ್ತಿದರು. ಪರಮೇಶ್ವರಪ್ಪನವರ ಧ್ವನಿಯೇ ಪರಮೇಶ್ವರಪ್ಪನವರಿಗೆ ಕೂತ್ಕಳಿ ಎಂದಿತು.

"ಬೇಡ ಭಟ್ರೆ, ಈಗಷ್ಟೇ..." ಎಂದು ಅವರು ರೂಢಿಯಿಂದ ಶುರುಮಾಡಿದರು.

ನಮ್ಮನೆಯವರ ಬೆರಳು ಎರಡನೆಯದರ ಮೇಲೆ ಹೋಯಿತು.

"ಎಂತ ಕಾಲ ಬಂತು ನೋಡಿ ಅಮ್ಮ," ಎಂದರು ಪರಮೇಶ್ವರಪ್ಪ ಕಣ್ಣೊರೆಸಿಕೊಂಡು. "ನನ್ನ ಮಾತು ನಾನೇ ತೆಗೆದುಹಾಕೋದು ಹ್ಯಾಂಗೆ? ಮಾಡಿ, ಅರ್ಧ ಲೋಟ." ಕುರ್ಚಿಯ ತುದಿಯಿಂದ ಹಿಂದಕ್ಕೆ ಸರಿದು ಕೂ‍ತು, ಗೆಳೆಯನ ಮುಖ ನೋಡಿ ಅಡಿಕೆ ರೇಟಿನ ಮಾತು ತೆಗೆದರು. ಆ ದಿನ ಅವರಿಗೆ ಒಂದು ಬಸ್ ತಪ್ಪಿತು.

ಇದರಿಂದ ಕೈ ಕಾಲು ಬರಲಿಲ್ಲ. ಮಾತೂ ಬರಲಿಲ್ಲ. ನನಗೆ ತೊಳೆಯುವ ಲೋಟಗಳು ಹೆಚ್ಚಾದವು. ಗ್ಯಾಸ್ ಸಿಲಿಂಡರ್ ಹೊತ್ತು ತಂದವನನ್ನೂ, ಕರೆಂಟ್ ಮೀಟರ್ ನೋಡಲು ಬಂದವನನ್ನೂ ಅವರು ಬಿಡಲಿಲ್ಲ. ಮೀಟರಿನವನು ಗಾಬರಿಯಾಗಿ ಕೂತೇಬಿಟ್ಟ. ಕೆಲವು ದಿನ ಸಂಜೆಯಾಗುವಾಗ ಗ್ಯಾಸಿನ ಮುಂದೆ ನಿಲ್ಲಲಾಗದೆ ಅಡುಗೆಮನೆಯ ಕಟ್ಟೆಗೆ ಒರಗಿ, ಇದೆಲ್ಲ ಯಾಕೆ ಬೇಕಿತ್ತು ನನಗೆ ಎಂದುಕೊಂಡದ್ದೂ ಉಂಟು.

ಭಾನುವಾರ ಅರ್ಪಣಾ ಬಂದಳು. ಫೋನಿನಲ್ಲಿ ಎಲ್ಲ ಹೇಳಿದ್ದೆ. ಹೂಂ ಎಂದಿದ್ದಳು, ನಂಬಿದ ಹಾಗಿರಲಿಲ್ಲ. ಚಪ್ಪಲಿ ಬಿಟ್ಟು, ಚೀಲ ಇಟ್ಟು, ಸೀದಾ ಒಗೆಯುವ ಬಟ್ಟೆ ಇರುವ ಕಡೆ ಹೊರಟಳು.

"ಬನ್ನಿ, ಕೂತ್ಕಳಿ. ಕುಡಿಯೋಕೆ ಎಂತ ಕೊಡ್ಲಿ?"

ಅವಳು ನಿಂತಳು. ಅವರ ಬೆರಳು ಇನ್ನೂ ಪರದೆಯ ಮೇಲಿತ್ತು. ಅವಳನ್ನೇ ನೋಡುತ್ತಿದ್ದರು.

"ನಾನೇ ಮಾಡ್ಕೋತೀನಿ ಅಪ್ಪ. ಬಟ್ಟೆ ನೆನೆಹಾಕಿ ಬರ್ತೀನಿ."

ಅವರು ಕಾದರು. ಅವಳು ಇನ್ನೊಂದು ಹೆಜ್ಜೆ ಇಡುವುದನ್ನು ನೋಡಿ ಎರಡನೆಯ ಬಟನ್ ಒತ್ತಿದರು. ಹಂಗಂದ್ರೆ ಹ್ಯಾಂಗೆ ಮಾರಾಯ್ರೆ ಎಂದು ನಾರ್ವೆಯ ಧ್ವನಿ ಗದರಿತು.

ಅರ್ಪಣಾಗೆ ನಗು ಬಂತು. ನಗುತ್ತಿದ್ದವಳು ಹಾಗೆಯೇ ಅವರ ಎದುರಿನ ಕುರ್ಚಿಯಲ್ಲಿ ಕೂತಳು. "ಆಯ್ತು ಮಾರಾಯ್ರೆ," ಎಂದಳು. "ಅರ್ಧ ಲೋಟ ಸಾಕು. ಸಕ್ಕರೆ ಕಡಿಮೆ."

ನಾನು ಅಡುಗೆಮನೆಗೆ ಹೋಗಿ ನೋಡಿದರೆ ಹಾಲು ಮುಗಿದಿತ್ತು. ಅವಳನ್ನು ಕಳಿಸಬಹುದಿತ್ತು. ಆದರೆ ಕೂತ್ಕಳಿ ಎಂದು ಕೂರಿಸಿದವರನ್ನು ಹಾಲಿಗೆ ಕಳಿಸುವುದು ಹೇಗೆ? ಚೀಲ ತೆಗೆದುಕೊಂಡು, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದೆ. ಮೇಲಿನಿಂದ ಅವಳ ಮಾತು ಕೇಳುತ್ತಿತ್ತು. ಶಾಲೆಗೆ ಹೊಸ ಹೆಡ್‌ಮಿಸ್ ಬಂದದ್ದನ್ನು ಅಪ್ಪನಿಗೆ ಹೇಳುತ್ತಿದ್ದಳು. ಒಂದು ಮಾತು ಹೇಳಿ, ಅವರು ಹೂಂಗುಡಲೆಂಬಂತೆ ತಡೆಯುತ್ತಿದ್ದಳು, ಆಮೇಲೆ ಮುಂದಿನದು.

ಶ್ರೀವಾಣಿ ಅಂಗಡಿಯ ಬಾಗಿಲಿಗೆ ಬಂದಳು. "ಭಾನುವಾರವೂ ಇಳಿದು ಬಂದ್ರಾ? ಯಾರು ಬಂದಿದ್ದಾರೆ ಕಮಲಮ್ಮ?"

"ಇವರಿಗೆ ನೆಂಟರು," ಎಂದೆ.

ಅವಳು ನನ್ನ ಕೈಯಿಂದ ಚೀಲ ತೆಗೆದುಕೊಂಡು, ಕುರ್ಚಿ ತೋರಿಸಿ, ಹಾಲಿನ ಅಂಗಡಿಯ ಕಡೆ ಹೋದಳು.